ಜೇಬಿನಲ್ಲಿ ಆರು ಪೆಪ್ಪರಮಿಂಟು

ಗುಂಡಕ್ಕ ಈಗ ಗುಂಡಗಿಲ್ಲ. ಒಂದೂವರೆ ವರ್ಷದಲ್ಲಿ ನೂರ ಹದಿನೆಂಟು ಕೆಜಿಯಿಂದ ಎಪ್ಪತ್ತೈದಕ್ಕೆ ಇಳಿದಿದ್ದಾಳೆ. ಹಳೆಯ ಪ್ಯಾಂಟು ಹಾಕಿಕೊಂಡರೆ ಒಳಗೆ ಇನ್ನೊಬ್ಬರಿಗೆ ಜಾಗವಿರುತ್ತದೆ. ಹೆಸರು ಮಾತ್ರ ಒಂದು ಗ್ರಾಮೂ ಕರಗಿಲ್ಲ. ಕಟ್ಟಡ ಕಟ್ಟುವವರ ನಡುವೆ ಒಮ್ಮೆ ಹೆಸರು ಬಿತ್ತೆಂದರೆ ಮುಗಿಯಿತು. ಹಸಿ ಕಾಂಕ್ರೀಟಿನ ಮೇಲೆ ನಾಯಿ ನಡೆದ ಹಾಗೆ, ಆಮೇಲೆ ಎಷ್ಟು ಉಜ್ಜಿದರೂ ಅಷ್ಟೇ.

ಅವಳ ಕೆಲಸ ಟವರ್ ಕ್ರೇನ್ ನಡೆಸುವುದು. ಅರವತ್ತು ಮೀಟರ್ ಎತ್ತರದ ಕಬ್ಬಿಣದ ಕಂಬ, ನೆತ್ತಿಯಲ್ಲಿ ಉದ್ದಕ್ಕೆ ಚಾಚಿದ ತೋಳು, ತೋಳಿನ ಬುಡದಲ್ಲಿ ಒಬ್ಬರೇ ಕೂರುವಷ್ಟು ಗಾಜಿನ ಗೂಡು. ಒಂದು ಕುರ್ಚಿ, ಎರಡು ಕೈಗೆ ಎರಡು ಹಿಡಿ, ಒಂದು ವಾಕಿಟಾಕಿ, ಕಾಲಡಿಯಲ್ಲೂ ಗಾಜು. ಬೆಳಿಗ್ಗೆ ಏಳಕ್ಕೆ ಏಣಿ ಹತ್ತಿದರೆ ಇಳಿಯುವುದು ಸಂಜೆಗೇ. ಹದಿನಾಲ್ಕು ವರ್ಷದಿಂದ ಹೀಗೆಯೇ. ಮದುವೆಯ ಮಾತೆತ್ತಿದ ನೆಂಟರಿಗೆ, "ಅರವತ್ತು ಮೀಟರ್ ಏಣಿ ಹತ್ತಿಬಂದು ಮಾತಾಡಿಸೋ ಗಂಡಿದ್ರೆ ಕಳಿಸಿ" ಎಂದಿದ್ದಳು. ಯಾರೂ ಹತ್ತಲಿಲ್ಲ, ಅವಳಿಗೂ ಬೇಜಾರಾಗಲಿಲ್ಲ. ಆ ಗೂಡಿನಲ್ಲಿ ಕೂತರೆ ಎರಡು ಟನ್ನಿನ ತೊಲೆಯನ್ನು ಬೆರಳ ತುದಿಯಲ್ಲಿ ಆಡಿಸುವವಳು ಅವಳು. ನೆಲದ ಮೇಲೆ ಅವಳನ್ನು ಕೇಳುವವರು ಯಾರು?

ಆ ಗೂಡು ಕೈತಪ್ಪುವ ಹಾಗಾದದ್ದು ಒಂದು ಬೆಲ್ಟಿನಿಂದ. ಏಣಿ ಹತ್ತುವವರು ಜಾರಿದರೆ ಹಿಡಿದು ನಿಲ್ಲಿಸುವ ಬೆಲ್ಟು ನೂರ ಹತ್ತು ಕೆಜಿಯವರೆಗೆ ಮಾತ್ರ ಜವಾಬ್ದಾರಿ ಹೊರುತ್ತದಂತೆ. ಹೊಸದಾಗಿ ಬಂದ ಸುರಕ್ಷತಾ ಅಧಿಕಾರಿ ಒಂದು ಬೆಳಿಗ್ಗೆ ತೂಕದ ಯಂತ್ರ ತಂದು ಏಣಿಯ ಬುಡದಲ್ಲೇ ಇಟ್ಟ. ಎಲ್ಲರ ಮುಂದೆ ಹತ್ತಿಸಿದ. "ಅಕ್ಕಾ, ನಿಮ್ಮನ್ನ ಹಿಡಿಯೋ ಶಕ್ತಿ ಈ ಬೆಲ್ಟಿಗಿಲ್ಲ. ಆರು ತಿಂಗಳು ಟೈಮು ಕೊಡ್ತೀನಿ, ಆಮೇಲೆ ನಂದೇನೂ ಇಲ್ಲ" ಎಂದ. ಅವಳು ಉಪವಾಸ ಮಾಡಿದಳು, ನಡೆದಳು, ಬೇಯಿಸಿದ ಸೊಪ್ಪು ನುಂಗಿದಳು. ಹೋದದ್ದು ನಾಲ್ಕು ಕೆಜಿ, ಬಂದದ್ದು ಐದು. ಸಕ್ಕರೆ ಕಾಯಿಲೆಯ ಮಾತ್ರೆ ಬೇರೆ ಒಂದರಿಂದ ಮೂರಾಗಿತ್ತು. ಕೊನೆಗೆ ಹಲ್ಲುಕಚ್ಚಿ ಆಪರೇಷನ್ನಿಗೆ ಒಪ್ಪಿದಳು.

ಆಪರೇಷನ್ ಮಾಡಿದ ವೈದ್ಯೆ ಕುಳ್ಳಗಿನ ಹೆಂಗಸು, ಏನು ಹೇಳಬೇಕಾದರೂ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆಯುವವಳು. "ಹೊಟ್ಟೆ ಅಂದ್ರೆ ಬರೀ ಚೀಲ ಅಂದ್ಕೊಂಡಿದೀರಾ? ಅದು ಮಹಾ ಬಾಯಿಬಡುಕಿ. ಕರುಳೂ ಅಷ್ಟೇ. ದಿನವಿಡೀ ಮೈಗೆಲ್ಲಾ ಸುದ್ದಿ ಕಳಿಸ್ತಾನೇ ಇರುತ್ತೆ. ನಾವೀಗ ಹೊಟ್ಟೆನ ಮೊಟ್ಟೆಯಷ್ಟು ಮಾಡಿ, ಕರುಳು ಕತ್ತರಿಸಿ ಕೆಳಗಡೆ ಜೋಡಿಸ್ತೀವಿ. ಊಟ ಮೇಲಿನ ಕರುಳನ್ನ ಮುಟ್ಟದೇ ನೇರ ಕೆಳಗಿಳಿಯುತ್ತೆ. ಕೆಳಗಿನ ಕರುಳಿಗೆ ಗಾಬರಿ! ‘ಅಯ್ಯೋ, ಊಟ ಇಲ್ಲೀವರೆಗೂ ಬಂತು, ಸಾಕು ನಿಲ್ಲಿಸಿ’ ಅಂತ ಮೆದುಳಿಗೆ ಕೂಗುತ್ತೆ. ‘ಇನ್ಸುಲಿನ್ ಬಿಡು’ ಅಂತ ಮೇದೋಜೀರಕಕ್ಕೂ ಕೂಗುತ್ತೆ" ಎಂದು ಬಾಣದ ಗುರುತು ಹಾಕಿ ತೋರಿಸಿದಳು.

ಗುಂಡಕ್ಕ ಅರ್ಧ ನಂಬಿದಳು, ಅರ್ಧ ಬಿಟ್ಟಳು. ಆಪರೇಷನ್ ಆದ ನಾಲ್ಕನೆಯ ದಿನ ರಕ್ತ ಪರೀಕ್ಷೆ ಮಾಡಿದರೆ, ಒಂಬತ್ತು ವರ್ಷದ ಸಕ್ಕರೆ ಕಾಯಿಲೆ ಹೇಳಹೆಸರಿಲ್ಲ. ಮೂರೂ ಮಾತ್ರೆ ಬಂದ್. ತೂಕ ಇನ್ನೂ ಎರಡು ಕೆಜಿಯೂ ಇಳಿದಿರಲಿಲ್ಲ.

"ನಾನಿನ್ನೂ ಕರಗೇ ಇಲ್ವಲ್ಲ ಡಾಕ್ಟ್ರೇ?"

"ಕರಗೋದು ಆಮೇಲೆ. ಮೊದಲು ಒಳಗಿನ ಮಾತುಕತೆ ಬದಲಾಗಿದೆ" ಎಂದು ವೈದ್ಯೆ ನಕ್ಕಳು.

ಹಸಿವು ಹೋಯಿತು. ಹೋಯಿತು ಅಂದರೆ, ಮನೆ ಬಿಟ್ಟು ಹೋದವರ ಹಾಗೆ, ಒಂದು ಮಾತೂ ಹೇಳದೆ. ಮೊದಲು ಹತ್ತು ಗಂಟೆಗೆಲ್ಲ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಿದ್ದವಳಿಗೆ ಈಗ ಆ ಡಬ್ಬಿ ಜೊತೆಗೆ ತಂದ ಯಾವುದೋ ಸಾಮಾನು, ಅಷ್ಟೇ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು, ಮೊಟ್ಟೆ, ಕಾಳು, ಬೀಜ, ಹಸಿವಿದ್ದರೂ ಇಲ್ಲದಿದ್ದರೂ, ಎಂದು ಆಸ್ಪತ್ರೆಯವರು ಬರೆದುಕೊಟ್ಟ ಹಾಳೆಯನ್ನು ಅಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ಅದು ಅಲ್ಲೇ ಇತ್ತು. ಕ್ರೇನಿನವರು ಮೊದಲೇ ತಿನ್ನಲು, ಕುಡಿಯಲು ಹಿಂದೆಮುಂದೆ ನೋಡುವ ಜಾತಿ. ಮೇಲೆ ಕಕ್ಕಸು ಎಲ್ಲಿದೆ? ಇಳಿಯಲು ಕಾಲು ಗಂಟೆ, ಹತ್ತಲು ಇಪ್ಪತ್ತು ನಿಮಿಷ, ಅಷ್ಟರಲ್ಲಿ ಕೆಳಗೆ ನಲವತ್ತು ಜನ ಕೈಕಟ್ಟಿ ನಿಂತಿರುತ್ತಾರೆ. ಹಸಿವೇ ಇಲ್ಲದ ಹೊಟ್ಟೆ ಸಿಕ್ಕಿದ್ದು ಅವಳಿಗೆ ವರವೆಂದೇ ಕಂಡಿತು. ಸಂಜೆ ಡಬ್ಬಿಯ ಊಟ ಬೀದಿನಾಯಿಗೆ ಹೋಗುತ್ತಿತ್ತು. ನಾಯಿ ಗುಂಡಗಾಯಿತು.

ಅವಳ ಹೊಟ್ಟೆಗೆ ನಿಜವಾಗಿ ಬೀಳುತ್ತಿದ್ದದ್ದು ಅಮ್ಮನ ಪೆಪ್ಪರಮಿಂಟು. ಇದರ ಹಿಂದೆ ಒಂದು ಕಥೆಯಿದೆ. ಅಪ್ಪನಿಗೂ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಊಟ ತಡವಾದರೆ ಕೈ ನಡುಗುತ್ತದೆ, ಆಗ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಅದಕ್ಕೆಂದು ಅಮ್ಮ ದಿನವೂ ಅವನ ಅಂಗಿಯ ಜೇಬಿಗೆ ಒಂದು ಪೊಟ್ಟಣ ಸಕ್ಕರೆ ಹಾಕುತ್ತಿದ್ದಳು. ಒಂದು ದಿನ ಆ ಅಂಗಿ ಒಗೆಯಲು ಬಿದ್ದಿತ್ತು, ಅಪ್ಪ ಬೇರೆ ಅಂಗಿ ತೊಟ್ಟು ಹೋದ. ಬಸ್ಸಿನಲ್ಲಿ ಬೆವರಿದ, ತೊದಲಿದ, ಪಕ್ಕದವರ ಮೇಲೆ ವಾಲಿದ. ಜನ ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋಗಿ ಕೂತರು. ಬೆಳಗ್ಗೆ ಬೆಳಗ್ಗೆಯೇ ಕುಡಿದಿದ್ದಾನೆ ಎಂದುಕೊಂಡರು. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಎಬ್ಬಿಸಿದರೆ ಅವನು ಏಳಲಿಲ್ಲ. ಮೂರು ದಿನ ಬಿಟ್ಟು ಒಗೆದ ಬಟ್ಟೆ ಮಡಚುವಾಗ ಅಮ್ಮನ ಬೆರಳಿಗೆ ಆ ಅಂಗಿಯ ಜೇಬು ಅಂಟಂಟಾಗಿ ಸಿಕ್ಕಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಗುಂಡಕ್ಕ ಬಾಗಿಲಲ್ಲಿ ನಿಂತು ನೋಡಿದ್ದಳು, ಅಷ್ಟೇ.

ಅಂದಿನಿಂದ ಆ ಮನೆಯಲ್ಲಿ ಯಾರೂ ಖಾಲಿ ಜೇಬಿನಲ್ಲಿ ಹೊಸ್ತಿಲು ದಾಟಿಲ್ಲ.

ಮೂರು ತಿಂಗಳ ಹಿಂದೆ ಗುಂಡಕ್ಕನ ಕೈ ನಡುಗಲು ಶುರುವಾದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅಪ್ಪನ ಕಾಯಿಲೆ, ಅಪ್ಪನ ನಡುಕ, ಅಮ್ಮನ ಮದ್ದು. ಎರಡು ಪೆಪ್ಪರಮಿಂಟು ಬಾಯಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಕಣ್ಣು ತಿಳಿಯಾಗುತ್ತಿತ್ತು. ಗಂಟೆಯೋ ಎರಡು ಗಂಟೆಯೋ ಬಿಟ್ಟು ಮತ್ತೆ ನಡುಕ, ಮೊದಲಿಗಿಂತ ಜೋರು. ಮತ್ತೆ ಎರಡು. ಅಮ್ಮನಿಗೆ ಇದು ಗೊತ್ತಾದದ್ದು ಕಾಗದದಿಂದ. ಸಂಜೆ ಮಗಳ ಜೇಬಿನಿಂದ ಖಾಲಿ ಕಾಗದ ತೆಗೆದು ಎಣಿಸುತ್ತಿದ್ದಳು, ಒಂದೊಂದನ್ನೂ ತೊಡೆಯ ಮೇಲಿಟ್ಟು ಸುಕ್ಕು ಬಿಡಿಸಿ ಬಿಸ್ಕತ್ತಿನ ಡಬ್ಬಿಗೆ ತುಂಬುತ್ತಿದ್ದಳು. ಎಸೆಯಲು ಮನಸ್ಸು ಬಾರದು, ಯಾವ ಉಪಯೋಗಕ್ಕೋ ಅವಳಿಗೂ ಗೊತ್ತಿಲ್ಲ. ಕಾಗದ ಹೆಚ್ಚಾದಂತೆ ಬೆಳಗಿನ ಪೆಪ್ಪರಮಿಂಟೂ ಎರಡರಿಂದ ನಾಲ್ಕಾಯಿತು, ನಾಲ್ಕರಿಂದ ಆರಾಯಿತು.

"ಡಾಕ್ಟರ್ ಹತ್ರ ಹೋಗ್ಬಾರ್ದೇನೇ?" ಎಂದು ಅಮ್ಮ ಕೇಳದೇ ಇರಲಿಲ್ಲ.

"ಹೋಗೋಣ ಬಿಡಮ್ಮ, ಈ ಮಹಡಿ ಮುಗೀಲಿ."

ಹೋಗುವ ಹಾಗಿರಲಿಲ್ಲ. ವೈದ್ಯೆ ಬರೆದದ್ದು ನೇರ ಕಂಪನಿಯ ಕಡತಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ ತುಂಬುವ ಹಾಳೆಯಲ್ಲಿ ‘ತಲೆಸುತ್ತು, ಮೂರ್ಛೆ, ಕೈ ನಡುಕ ಉಂಟೇ?’ ಎಂಬಲ್ಲಿ ಅವಳು ‘ಇಲ್ಲ’ ಎಂದು ಗೀಚಿ ರುಜು ಹಾಕಿಯಾಗಿತ್ತು. ಉಂಟು ಎಂದರೆ ಅಂದೇ ಗೂಡಿನಿಂದ ಕೆಳಗೆ. ದಪ್ಪಗಿದ್ದಾಳೆ ಎಂದು ಇಳಿಸಹೊರಟಿದ್ದರು, ಇಳಿಯಬಾರದೆಂದು ಹೊಟ್ಟೆ ಕೊಯ್ಸಿಕೊಂಡಳು, ಈಗ ಕೊಯ್ದ ಹೊಟ್ಟೆಯೇ ಇಳಿಸುತ್ತದೆ. ಯಾರಿಗೆ ಹೇಳುವುದು ಈ ಚಂದವನ್ನು? ಎರಡು ಸಲ ಆಸ್ಪತ್ರೆಯಿಂದ ಫೋನು ಬಂತು, ಎರಡು ಸಲವೂ ಊರಲ್ಲಿಲ್ಲ ಎಂದಳು. ಎದೆಯೊಳಗೆ ಕಲ್ಲಿಟ್ಟುಕೊಂಡು ಬೆಳಿಗ್ಗೆ ಏಣಿ ಹತ್ತುತ್ತಿದ್ದಳು.

ಆ ದಿನ ಒಂಬತ್ತನೆಯ ಮಹಡಿಗೆ ಕಾಂಕ್ರೀಟ್ ಮೆಟ್ಟಿಲಿನ ತುಂಡು ಕೂರಿಸಬೇಕಿತ್ತು. ಎರಡು ಟನ್ನಿನ ಇಡೀ ಮೆಟ್ಟಿಲು. ಕ್ರೇನು ಅದನ್ನು ಎತ್ತಿ ಗೋಡೆಗಳ ನಡುವಿನ ಸಂದಿಗೆ ಇಳಿಸಬೇಕು, ಅಲ್ಲಿ ನಿಂತ ಇಬ್ಬರು ಮೇಸ್ತ್ರಿಗಳು ಕೈಯಲ್ಲಿ ಹಿಡಿದು ಜಾಗಕ್ಕೆ ತಳ್ಳಬೇಕು. ಕೆಳಗಿನಿಂದ ದಾರಿ ಹೇಳುವವನು ಹುಂಜ. ಅವನ ಗಂಟಲಿಗೆ ವಾಕಿಟಾಕಿಯೇ ದಂಡ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು, ಹೆಸರು ಬಂದದ್ದೂ ಅದರಿಂದಲೇ. ಆರು ವರ್ಷದಿಂದ ಅವನು ಅವಳ ಕಿವಿಯಲ್ಲಿದ್ದಾನೆ. ಮೇಲಿನಿಂದ ಅವಳಿಗೆ ಕಾಣುವುದು ಒಂದು ಹಳದಿ ಟೋಪಿ. ಟೋಪಿ ತೆಗೆದರೆ ಬೋಳು.

ಎಂಟಕ್ಕೆ ನಡುಗಿತ್ತು, ಎರಡು ತಿಂದಿದ್ದಳು. ಒಂಬತ್ತೂವರೆಗೆ ಮತ್ತೆ, ಮೂರು. ಹನ್ನೊಂದಕ್ಕೆ ಸ್ವಲ್ಪ ಮುಂಚೆ ಮೆಟ್ಟಿಲು ಕೊಕ್ಕೆಗೆ ಬಿತ್ತು, ಎತ್ತಿದಳು, ತೋಳು ತಿರುಗಿಸಿದಳು. ಒಂಬತ್ತನೆಯ ಮಹಡಿಯ ಮೇಲೆ ಬರುತ್ತಿದ್ದಂತೆ ಕುತ್ತಿಗೆಯ ಹಿಂದೆ ತಣ್ಣನೆಯ ಬೆವರು ಹರಿಯಿತು. ಕೊಕ್ಕೆ ಎರಡಾಗಿ ಕಂಡಿತು. ಮೇಸ್ತ್ರಿಗಳು ನಾಲ್ವರಾದರು, ಎಂಟು ಕೈ ಮೇಲಕ್ಕೆತ್ತಿ ಕಾಯುತ್ತಿದ್ದರು.

"ಅಕ್ಕಾ, ಇಳಿಸು. ನಿಧಾನ, ಇಳಿಸು" ಎಂದ ಹುಂಜ.

ಅವಳು ಹಿಡಿ ಬಿಟ್ಟಳು. ಬಿಟ್ಟರೆ ಕ್ರೇನು ತಾನೇ ನಿಲ್ಲುತ್ತದೆ, ಅಷ್ಟು ಬುದ್ಧಿ ಅದಕ್ಕಿದೆ. "ಗಾ... ಗಾಳಿ ಇದೆ. ತಡಿ" ಎಂದಳು. ತನ್ನದೇ ನಾಲಿಗೆ ದಪ್ಪಗೆ ಕೇಳಿಸಿತು.

"ಗಾಳಿನಾ? ಇಲ್ಲಿ ಧೂಳೂ ಅಲ್ಲಾಡ್ತಿಲ್ವಲ್ಲಕ್ಕಾ!"

ಜೇಬಿಗೆ ಕೈ ಹಾಕಿದಳು. ಒಂದೇ ಒಂದು ಉಳಿದಿತ್ತು. ನಡುಗುವ ಬೆರಳಿನಲ್ಲಿ ಕಾಗದ ಬಿಚ್ಚಿ ಬಾಯಿಗೆ ಹಾಕಿಕೊಂಡು ಬಗ್ಗಿದಳು. ಕಾಲಡಿಯ ಗಾಜಿನ ಮೇಲೆ ಅಂದಿನ ಕಾಗದಗಳು ಬಿದ್ದಿದ್ದವು. ಮೊದಲು ಎರಡು, ಆಮೇಲೆ ಮೂರು, ಈಗ ಇದು. ತಿಂದಷ್ಟೂ ನಡುಕ ಜೋರಾಗುತ್ತಾ ಬಂದಿದೆ. ಗಾಜಿನಾಚೆ, ಆ ಕಾಗದಗಳ ನಡುವೆ, ಒಬ್ಬ ಮೇಸ್ತ್ರಿ ಕೈ ನೋಯುತ್ತದೆಂದು ತೋಳು ಇಳಿಸಿ ಕೊಡವಿಕೊಂಡ. ವೈದ್ಯೆಯ ಬಾಣದ ಗುರುತು ನೆನಪಾಯಿತು. ಕೆಳಗಿನ ಕರುಳಿಗೆ ಗಾಬರಿ, ಅದು ಕೂಗುತ್ತದೆ, ಇನ್ಸುಲಿನ್ ಬಿಡು, ಬಿಡು! ಅಯ್ಯೋ ದೇವರೇ, ಕೂಗಿಸುತ್ತಿರುವುದು ನಾನೇ. ಅಪ್ಪನಿಗೆ ಸಕ್ಕರೆ ಸಾಲದೇ ಹೋಯಿತು. ನನಗೆ ಇದನ್ನು ತಂದಿಡುತ್ತಿರುವುದೇ ಈ ಸಕ್ಕರೆ.

ಆದರೂ ಬಾಯಲ್ಲಿದ್ದದ್ದನ್ನು ಉಗಿಯಲಿಲ್ಲ. ಒಂದೇ ಒಂದು, ಅದೂ ಇಷ್ಟು ಜೋರು ನಡುಕಕ್ಕೆ, ಹೆಚ್ಚೆಂದರೆ ಹತ್ತು ನಿಮಿಷ ಕೊಡುತ್ತದೆ, ಅವಳಿಗೆ ಗೊತ್ತಿತ್ತು. ಆಮೇಲೆ ಕಿತ್ತುಕೊಳ್ಳುತ್ತದೆ, ಅದೂ ಗೊತ್ತಾಗಿತ್ತು.

ಕೊಂಚ ಹೊತ್ತಿಗೆ ನಾಲ್ವರು ಮೇಸ್ತ್ರಿಗಳು ಮತ್ತೆ ಇಬ್ಬರಾದರು. ಕೈ ಸ್ಥಿರವಾಯಿತು. ಈಗ ಅವಳ ತಲೆಗೆ ಬಂದ ಯೋಚನೆಯನ್ನು ಹೇಳಿಬಿಡಬೇಕು, ಮುಚ್ಚಿಡುವುದೇಕೆ. ಸರಿಹೋಯಿತಲ್ಲ, ಇಳಿಸಿಬಿಡು, ಯಾರಿಗೂ ಗೊತ್ತಾಗುವುದಿಲ್ಲ, ಎಂಬುದೇ ಆ ಯೋಚನೆ. ಮೆಟ್ಟಿಲು ಕೂರಿಸಲು ಇಪ್ಪತ್ತು ನಿಮಿಷ ಬೇಕು. ಇಪ್ಪತ್ತು ನಿಮಿಷವೂ ಎರಡು ಟನ್ನಿನ ಅಡಿಯಲ್ಲಿ ನಾಲ್ಕು ಕೈ. ಇರುವುದು ಹತ್ತು. ಹಿಡಿಯ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಹದಿನಾಲ್ಕು ವರ್ಷ ಆ ಹಿಡಿಯನ್ನು ಹಿಡಿದ ಅಂಗೈಯಲ್ಲಿ ಅದರ ಗುರುತೇ ಬಿದ್ದಿತ್ತು.

ವಾಕಿಟಾಕಿ ಒತ್ತಿದಳು. ಆ ಚಾನೆಲ್ಲಿನಲ್ಲಿ ಸುರಕ್ಷತಾ ಅಧಿಕಾರಿಯೂ ಇದ್ದಾನೆ, ಇಡೀ ಕಟ್ಟಡವೂ ಇದೆ.

"ಹುಂಜಾ, ಗಾಳಿ ಇಲ್ಲ. ಸುಳ್ಳು ಹೇಳಿದೆ. ನನಗೆ ಕಣ್ಣು ಕತ್ತಲೆ ಬರ್ತಿದೆ, ಮೂರು ತಿಂಗಳಿಂದ ಬರ್ತಿದೆ. ಮೇಸ್ತ್ರಿಗಳನ್ನ ಒಳಗೆ ಓಡಿಸು. ಮೆಟ್ಟಿಲನ್ನ ವಾಪಸ್ ನೆಲಕ್ಕಿಡ್ತೀನಿ. ಹತ್ತು ನಿಮಿಷ ಇದೆ ನನ್ನ ಹತ್ರ, ಹೆಚ್ಚಿಲ್ಲ. ದಾರಿ ಹೇಳು."

ಹುಂಜನ ಗಂಟಲು ಬಂತು, ಅವಳು ಎಂದೂ ಕೇಳಿರದಷ್ಟು ಮೆತ್ತಗೆ. "ಆಯ್ತಕ್ಕಾ. ನಾನಿದೀನಿ. ಮೇಲಕ್ಕೆ ಒಂದು ಮೀಟರ್. ಸಾಕು. ಎಡಕ್ಕೆ. ಎಡಕ್ಕೆ. ಹಾಂ, ಹಂಗೇ ಬಾ."

ಅವನು ಹೇಳಿದ, ಅವಳು ಮಾಡಿದಳು. ತೋಳು ತಿರುಗಿತು, ಮೆಟ್ಟಿಲು ಕಟ್ಟಡದ ಅಂಚು ದಾಟಿತು. ಅರ್ಧ ಇಳಿಯುವಷ್ಟರಲ್ಲಿ ಬೆವರು ವಾಪಸಾಯಿತು. ಕಣ್ಣು ಬಿಟ್ಟರೆ ನೆಲ ತೇಲುತ್ತಿತ್ತು, ಹಾಗಾಗಿ ಮುಚ್ಚಿಕೊಂಡು ಅವನ ಗಂಟಲನ್ನೇ ನೆಚ್ಚಿದಳು. "ಇಳಿಸು, ಇಳಿಸು, ಇನ್ನೊಂಚೂರು, ಬಂತು, ಬಂತು, ಕೂತಿತು! ಬಿಡಕ್ಕಾ, ಕೈ ಬಿಡು!"

ಕೈ ಬಿಟ್ಟಳು. ಆಮೇಲಿನದೆಲ್ಲ ಅವಳಿಗೆ ತುಂಡು ತುಂಡಾಗಿ ಉಳಿದಿದೆ. ಗೂಡು ಚಿಕ್ಕದಾಗುತ್ತಾ ಬಂದದ್ದು, ಗಾಜು ಮುಖಕ್ಕೆ ತಾಗಿದ್ದು, ಬಾಗಿಲು ಎಲ್ಲಿದೆಯೆಂದು ಮರೆತದ್ದು. ಇಲ್ಲಿಂದ ಯಾರೂ ನನ್ನನ್ನು ಇಳಿಸಲಾರರು, ಅಪ್ಪನ ಬಸ್ಸಿನ ಹಾಗೆ ಕೊನೆಯ ನಿಲ್ದಾಣದವರೆಗೆ ಹೀಗೇ, ಎಂದುಕೊಂಡದ್ದು. ಏಣಿಯಲ್ಲಿ ಬೂಟಿನ ಸದ್ದು. ಮೊದಲ ಬಾರಿಗೆ ಅಷ್ಟು ಹತ್ತಿರದಿಂದ ಕಂಡ ಹುಂಜನ ಮುಖ, ಅದರ ಹಿಂದೆ ಸುರಕ್ಷತಾ ಅಧಿಕಾರಿ, ಅವನ ಕೈಯಲ್ಲಿ ಉಸಿರು ಊದಿಸುವ ಯಂತ್ರ.

"ಕುಡಿದಿದಾಳೆ ಅನ್ಸುತ್ತೆ, ಮೊದಲು ಊದಿಸೋಣ."

"ಏನ್ರೀ ಊದಿಸೋದು? ಪ್ರಾಣ ಹೋಗ್ತಿದೆ ಅವಳದ್ದು!" ಹುಂಜನ ಆ ಕೂಗಿಗೆ ವಾಕಿಟಾಕಿ ಬೇಕಾಗಲಿಲ್ಲ; ಕೆಳಗಿದ್ದವರಿಗೆಲ್ಲ ಕೇಳಿಸಿತಂತೆ. "ಆರು ವರ್ಷ ಈ ದನಿ ಕೇಳಿದೀನಿ. ಇದು ಕುಡಿದ ದನಿ ಅಲ್ಲ. ಈ ಪೆಪ್ಪರಮಿಂಟಿನ ಕಾಗದ ನೋಡಿ, ಸಕ್ಕರೆ ಇಳಿದಿದೆ. ಗ್ಲೂಕೋಸ್ ಕೊಡಿ ಮೊದಲು!"

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ವೈದ್ಯೆ ಹಾಸಿಗೆಯ ಪಕ್ಕದಲ್ಲೇ ಕಾಯುತ್ತಿದ್ದಳು. ಅಮ್ಮನನ್ನು ನೀರು ತರಲು ಕಳಿಸಿದ್ದಳು. ಬೈಯುವುದನ್ನು ಬೈದು ಮುಗಿಸಿ ಹಾಳೆ ತಿರುಗಿಸಿದಳು.

"ಖಾಲಿ ಹೊಟ್ಟೆಗೆ ಸಿಹಿ ಬಿತ್ತು ಅಂದ್ರೆ ನಿಮ್ಮ ಕರುಳು ಊರೇ ಎದ್ದು ಕೂರೋ ಹಾಗೆ ಕೂಗುತ್ತೆ. ಇನ್ಸುಲಿನ್ ಅಳತೆ ಮೀರಿ ಸುರಿಯುತ್ತೆ, ರಕ್ತದ ಸಕ್ಕರೆ ಪಾತಾಳಕ್ಕೆ. ನೀವು ಮತ್ತೆ ಸಿಹಿ ತಿಂತೀರಿ, ಅದು ಮತ್ತೆ ಕೂಗುತ್ತೆ. ಹೊತ್ತು ಹೊತ್ತಿಗೆ ಮೊಟ್ಟೆ, ಕಾಳು, ಬೀಜ ತಿಂದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ನಡುಗಿದಾಗ ಒಂದೇ ಒಂದು ಸಿಹಿ, ಅದರ ಬೆನ್ನಿಗೇ ಒಂದು ಹಿಡಿ ಬೀಜ. ಅದು ಬಿಟ್ಟು ಈ ಪೆಪ್ಪರಮಿಂಟಿನ ಮೇಲೆ ಬದುಕಿದ್ರೆ, ಅದೇ ನಿಮ್ಮನ್ನ ತೆಗೆಯುತ್ತೆ. ಯಾರ್ರೀ ಕೊಟ್ಟಿದ್ದು ನಿಮಗೆ ಅಷ್ಟೊಂದು?"

ಗುಂಡಕ್ಕ ಬಾಯಿ ತೆರೆಯುವ ಮೊದಲೇ ಪರದೆ ಸರಿಯಿತು. ಅಮ್ಮ ನೀರಿನ ಬಾಟಲಿ ಹಿಡಿದು ಒಳಗೆ ಬಂದಳು. ಮುಖದಲ್ಲಿ ಏನೂ ಇರಲಿಲ್ಲ. ಮಗಳ ಹಣೆ ಮುಟ್ಟಿ ನೋಡಿದಳು.

"ಪೆಪ್ಪರಮಿಂಟು ಇತ್ತಲ್ಲ ಜೇಬಲ್ಲಿ?" ಎಂದಳು.

"ಇತ್ತಮ್ಮ" ಎಂದಳು ಗುಂಡಕ್ಕ. "ಅದಿದ್ದಿದ್ದಕ್ಕೇ ಬದುಕಿಕೊಂಡೆ."

ಮತ್ತೇನು ಹೇಳುತ್ತಾಳೆ? ಒಬ್ಬನನ್ನು ಕೊಡದೆ ಕಳೆದುಕೊಂಡೆ ಎಂದು ಇಪ್ಪತ್ತು ವರ್ಷ ಕೊರಗಿದವಳಿಗೆ, ಇನ್ನೊಬ್ಬಳನ್ನು ಕೊಟ್ಟು ಕಳೆದುಕೊಳ್ಳುತ್ತಿದ್ದೆ ಎಂದು ಯಾವ ಬಾಯಿಂದ ಹೇಳುವುದು? ವೈದ್ಯೆ ಇಬ್ಬರ ಮುಖವನ್ನೂ ನೋಡಿ ಪೆನ್ನಿನ ಮುಚ್ಚಳ ಹಾಕಿದಳು.

ಗೂಡು ಹೋಯಿತು. ಆರು ತಿಂಗಳು ನೆಲದ ಮೇಲೆ ಕೆಲಸ, ಆಮೇಲೆ ಮತ್ತೆ ಪರೀಕ್ಷೆ, ಆಮೇಲೆ ನೋಡೋಣ ಎಂದು ಸುರಕ್ಷತಾ ಅಧಿಕಾರಿ ಬರೆದುಕೊಟ್ಟ. ನೋಡೋಣ ಎಂಬ ಮಾತಿನ ಅರ್ಥ ಗೊತ್ತಿಲ್ಲದವಳೇನಲ್ಲ ಅವಳು. ಕ್ರೇನಿನ ಬುಡದಲ್ಲೊಂದು ತಗಡಿನ ಕೋಣೆ, ಅದರಲ್ಲಿ ಸರಪಳಿಗಳ ರಾಶಿ. ಒಂದೊಂದು ಕೊಂಡಿಯನ್ನೂ ಬೆಳಕಿಗೆ ಹಿಡಿದು ಬಿರುಕಿದೆಯೇ ಎಂದು ನೋಡುವುದು ಅವಳ ಹೊಸ ಕೆಲಸ. ಕಿಟಕಿಯಿಲ್ಲ. ತಲೆಯ ಮೇಲೆ ಬೇರೆ ಯಾರೋ ತೋಳು ತಿರುಗಿಸುವ ಗುಂಯ್ ಸದ್ದು ಮಾತ್ರ ಬೆಳಗಿನಿಂದ ಸಂಜೆಯವರೆಗೆ ತಗಡಿಗೆ ಬಡಿಯುತ್ತದೆ.

ಮೊದಲ ದಿನ ಹೊರಡುವಾಗ ಅಮ್ಮ ಎಂದಿನಂತೆ ಬಾಗಿಲಲ್ಲಿ ತಡೆದಳು. ಎಂದಿನಂತೆ ಜೇಬಿಗೆ ಆರು ಹಾಕಿದಳು, ಜೇಬಿನ ಮೇಲೆ ಎರಡು ಸಲ ತಟ್ಟಿದಳು. ಗುಂಡಕ್ಕ ದಾರಿಯಲ್ಲಿ ಲೆಕ್ಕ ಹಾಕಿಕೊಂಡಳು. ಸಂಜೆ ಅಮ್ಮ ಕಾಗದ ಎಣಿಸುತ್ತಾಳೆ, ಹಾಗಾಗಿ ಇಡಿಯಾಗಿ ಎಸೆಯುವಂತಿಲ್ಲ. ಒಂದೊಂದನ್ನೂ ಬಿಚ್ಚಿ, ಒಳಗಿನದನ್ನು ಎಸೆದು, ಕಾಗದ ಮಾತ್ರ ಮನೆಗೆ ಒಯ್ಯಬೇಕು. ಬದುಕಿರುವವರೆಗೂ ದಿನವೂ ಇದೇ ನಾಟಕ. ಅರವತ್ತು ಮೀಟರ್ ಮೇಲೂ ಬಿಡುಗಡೆಯಿರಲಿಲ್ಲ, ಕೆಳಗೂ ಇಲ್ಲ.

ಹತ್ತು ಗಂಟೆಗೆ ಸರಪಳಿ ಬದಿಗಿಟ್ಟು ಕಸದ ಬುಟ್ಟಿಯನ್ನು ಕಾಲಿನಿಂದ ಎಳೆದುಕೊಂಡಳು. ಮೊದಲನೆಯದನ್ನು ತೆಗೆದು ಎರಡು ತುದಿ ಹಿಡಿದು ಜಗ್ಗಿದಳು.

ಒಳಗಿದ್ದದ್ದು ಹುರಿದ ಕಡಲೆಕಾಯಿ ಬೀಜ, ನಾಲ್ಕು.

ಎರಡನೆಯದನ್ನು ಬಿಚ್ಚಿದಳು. ನಾಲ್ಕು ಬೀಜ. ಮೂರನೆಯದು, ನಾಲ್ಕನೆಯದು, ಐದನೆಯದು, ಎಲ್ಲದರಲ್ಲೂ ಅದೇ. ಕಾಗದ ಹಳೆಯದು, ಬಿಸ್ಕತ್ತಿನ ಡಬ್ಬಿಯದು, ಸುಕ್ಕು ಬಿಡಿಸಿ ಮತ್ತೆ ಅಂಗಡಿಯದರ ಹಾಗೆ ತುದಿ ತಿರುಚಿದ್ದು. ಆರನೆಯದು ಕೈಗೆ ಗಟ್ಟಿಯಾಗಿ ಸಿಕ್ಕಿತು. ಅದರ ಕಾಗದ ಮಾತ್ರ ಕೆಂಪು. ಒಳಗೆ ನಿಜವಾದ ಪೆಪ್ಪರಮಿಂಟು. ನಡುಗಿದಾಗ ಒಂದೇ ಒಂದು.

ನೀರು ತರಲು ಹೋದವಳು ಪರದೆಯ ಆಚೆ ಎಷ್ಟು ಹೊತ್ತು ನಿಂತಿದ್ದಳೋ! ಒಂದು ಮಾತೂ ಬಿಡದೆ ಕೇಳಿಸಿಕೊಂಡಿದ್ದಾಳೆ, ಒಂದು ಮಾತೂ ಆಡದೆ ನುಂಗಿಕೊಂಡಿದ್ದಾಳೆ. ಮಗಳು ಹೇಳಿದ ಸುಳ್ಳನ್ನೂ ಹಾಗೆಯೇ ಮಡಚಿ ಇಟ್ಟುಕೊಂಡಿದ್ದಾಳೆ. ಗುಂಡಕ್ಕ ಸರಪಳಿಯ ರಾಶಿಯ ಮೇಲೆ ಕೂತು ಅತ್ತಳು. ಸದ್ದು ಮಾಡಿಯೇ ಅತ್ತಳು, ಹೇಗೂ ಮೇಲೆ ಕ್ರೇನು ತಿರುಗುತ್ತಿತ್ತು.

ಬಾಗಿಲಲ್ಲಿ ಹಳದಿ ಟೋಪಿ ಇಣುಕಿತು. "ಏನಕ್ಕಾ, ಇನ್ನೂ ಅದನ್ನೇ ತಿಂತಿದೀಯಾ? ಬುದ್ಧಿ ಬರಲಿಲ್ವಾ ನಿಂಗೆ?" ಎಂದ ಹುಂಜ.

"ಹೋಗೋ, ನಿನ್ನ ಕೆಲಸ ನೋಡ್ಕೋ" ಎಂದು ಮುಖ ಒರೆಸಿಕೊಂಡಳು.

ಹಸಿವಿರಲಿಲ್ಲ. ಒಂದೊಂದೇ ಬೀಜ ಬಾಯಿಗೆ ಹಾಕಿಕೊಂಡು, ವೈದ್ಯೆ ಹೇಳಿದಷ್ಟು ಹೊತ್ತು ಅಗಿದು, ನುಂಗಿದಳು. ಕೆಂಪು ಕಾಗದದ್ದನ್ನು ಮೇಲಿನ ಜೇಬಿಗೆ ಹಾಕಿ ಗುಂಡಿ ಹಾಕಿದಳು. ಖಾಲಿಯಾದ ಕಾಗದವನ್ನು ತೊಡೆಯ ಮೇಲಿಟ್ಟು, ಸುಕ್ಕು ಬಿಡಿಸಿ, ಹರಿಯದ ಹಾಗೆ ಮಡಚಿ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡಳು. ಸಂಜೆ ಅಮ್ಮ ಎಣಿಸುತ್ತಾಳೆ.